ಬಾಲ್ಯದ ನೋವು ಹೊತ್ತ ಬಸುರಿಯರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು (ಕಾಸರಗೋಡು ಕಡೆಯವರಿಗೆ)

ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಹೆಂಗಸರು ಮಾತಿನ ನಡುವೆ, ಪತ್ರದಲ್ಲಿ, ಮೆಸೇಜಿನಲ್ಲಿ ಮತ್ತೆ ಮತ್ತೆ ಕೇಳಿದ್ದನ್ನು ಇಲ್ಲಿ ಸೇರಿಸಿದ್ದೇನೆ. ಪ್ರಶ್ನೆಗಳು ಅವರ ಮಾತಿನಲ್ಲೇ ಇವೆ, ಗುರುತು ಸಿಗುವಂಥದ್ದನ್ನು ಮಾತ್ರ ತೆಗೆದಿದ್ದೇನೆ. ಎಲ್ಲವನ್ನೂ ಒಂದೇ ಸಲ ಓದಬೇಕು ಅಂತಿಲ್ಲ. ಓದುವಾಗ ಎದೆ ಬಡಿದುಕೊಂಡರೆ ಅಲ್ಲಿಗೇ ಬಿಟ್ಟು ನಾಳೆ ಓದಿ. ಈಗಲೇ ಸಾಯಬೇಕು ಅನಿಸುತ್ತಿದ್ದರೆ ಓದುವುದನ್ನು ನಿಲ್ಲಿಸಿ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ದುಡ್ಡು ಕೊಡಬೇಕಾಗಿಲ್ಲ.

## ಶುರುವಿನ ಪ್ರಶ್ನೆಗಳು

ಬಾಲ್ಯದ ಆಘಾತ ಅಂದ್ರೆ ಎಂಥದು? ನನ್ನನ್ನು ಯಾರೂ ಮುಟ್ಟಿಲ್ಲ. ಆದ್ರೆ ಅಪ್ಪ ಕುಡಿದು ಬಂದು ಅಮ್ಮನಿಗೆ ಹೊಡೆಯೂದನ್ನು ನೋಡಿಯೇ ಬೆಳೆದೆ. ಅದೂ ಲೆಕ್ಕಕ್ಕೆ ಬರ್ತದಾ?

ಬರುತ್ತದೆ. ಅಮೆರಿಕದಲ್ಲಿ 1995ರಿಂದ 1997ರ ನಡುವೆ 17 ಸಾವಿರಕ್ಕೂ ಜಾಸ್ತಿ ಜನರನ್ನು ಬಾಲ್ಯದ ಕಷ್ಟಗಳ ಬಗ್ಗೆ ಕೇಳಿ ಒಂದು ದೊಡ್ಡ ಅಧ್ಯಯನ ಮಾಡಿದ್ದರು. ಲೈಂಗಿಕ ದೌರ್ಜನ್ಯ, ಹೊಡೆತ, ಹೀನಾಯ ಬೈಗುಳದ ಜೊತೆಗೆ ತಾಯಿಗೆ ಹೊಡೆಯುವುದನ್ನು ನೋಡಿದ್ದು, ಮನೆಯಲ್ಲಿ ಕುಡುಕರಿದ್ದದ್ದು, ಮನೆಯವರಿಗೆ ಮಾನಸಿಕ ಕಾಯಿಲೆ ಇದ್ದದ್ದು, ಯಾರೋ ಜೈಲಿಗೆ ಹೋದದ್ದು, ಇವೆಲ್ಲವನ್ನೂ ಅದರಲ್ಲಿ ಎಣಿಸಿದ್ದರು. ಇಂಥ ಕಷ್ಟ ಎಷ್ಟು ಬಗೆಯದ್ದೋ ದೊಡ್ಡವರಾದ ಮೇಲೆ ಮೈ ಮನಸ್ಸಿನ ಕಾಯಿಲೆಯ ಸಾಧ್ಯತೆಯೂ ಅಷ್ಟು ಜಾಸ್ತಿ ಅಂತ ಅಲ್ಲಿ ಕಂಡುಬಂತು. ಸಾಧ್ಯತೆ ಅಷ್ಟೇ, ಅದು ಹಣೆಬರಹ ಅಲ್ಲ. "ನನಗಿಂತ ಕಷ್ಟ ಪಟ್ಟವರು ಎಷ್ಟೋ ಜನ ಇದ್ದಾರೆ" ಅಂತ ನಿಮ್ಮದನ್ನು ಬದಿಗೆ ಸರಿಸಬೇಡಿ.

ಇಷ್ಟು ವರ್ಷ ಮರೆತೇ ಹೋಗಿತ್ತು. ಬಸುರಿಯಾದ ಮೇಲೆ ಯಾಕೆ ಎದ್ದು ಬಂತು?

ಈ ಪ್ರಶ್ನೆ ಕೇಳದವರೇ ಕಡಿಮೆ. ಬಸುರಿನಲ್ಲಿ ಮೈ ನಮ್ಮ ಹಿಡಿತದಲ್ಲಿ ಇರುವುದಿಲ್ಲ. ಹೊಟ್ಟೆ ಮುಟ್ಟುತ್ತಾರೆ, ಸೀರೆ ಸರಿಸಲು ಹೇಳುತ್ತಾರೆ, ಮಂಚದಲ್ಲಿ ಅಂಗಾತ ಮಲಗಿಸುತ್ತಾರೆ, ಯಾರೋ ಮೇಲಿಂದ ಬಗ್ಗಿ ನೋಡುತ್ತಾರೆ. ಚಿಕ್ಕಂದಿನಲ್ಲಿ ಬೇಡ ಅಂದರೂ ಯಾರೋ ಮುಟ್ಟಿದ್ದರೆ ಮೈಗೆ ಆ ನೆನಪು ಇರುತ್ತದೆ, ಮನಸ್ಸಿಗೆ ಮರೆತಿದ್ದರೂ. ನಿದ್ದೆ ಕೆಟ್ಟಿರುತ್ತದೆ, ಹಾರ್ಮೋನು ಏರಿಳಿಯುತ್ತದೆ. ಹುಟ್ಟುವುದು ಹೆಣ್ಣಾದರೆ ಅದನ್ನು ಕಾಪಾಡಲು ನನ್ನಿಂದ ಆಗುತ್ತದಾ ಅನ್ನುವ ಹೆದರಿಕೆ ಬೇರೆ. ಮೊದಲೆಲ್ಲ ಕೆಲಸದಲ್ಲಿ ಮುಳುಗಿ ನೆನಪನ್ನು ದೂರ ಇಟ್ಟವರಿಗೆ ಈಗ ಕೆಲಸ ಬಿಟ್ಟು ಮನೆಯಲ್ಲಿ ಕೂರಬೇಕಾಗಿ ಬಂದು ಆ ದಾರಿಯೂ ಮುಚ್ಚಿರುತ್ತದೆ. ಇದು ಹುಚ್ಚಲ್ಲ, ಸೋಂಕಲ್ಲ, ದೈವದ ಮುನಿಸೂ ಅಲ್ಲ.

ಬಸುರಿಯರಿಗೆ ಅಳು ಬರೂದು ಸಾಮಾನ್ಯ ಅಂತಾರೆ ಎಲ್ಲರೂ. ಯಾವಾಗ ಡಾಕ್ಟರಿಗೆ ತೋರಿಸ್ಬೇಕು?

ಎರಡು ವಾರಕ್ಕಿಂತ ಹೆಚ್ಚು ಕಾಲ ದಿನದ ಬಹುಪಾಲು ಬೇಸರವೇ ಇದ್ದರೆ, ಮೊದಲು ಖುಷಿ ಕೊಡುತ್ತಿದ್ದದ್ದು ಯಾವುದೂ ಬೇಡ ಅನಿಸಿದರೆ ತೋರಿಸಿ. ಆಘಾತದ ಗುರುತುಗಳು ಸ್ವಲ್ಪ ಬೇರೆ. ಹಳೆಯದು ಈಗಲೇ ನಡೆಯುತ್ತಿದೆ ಅನ್ನುವ ಹಾಗೆ ಕಣ್ಣೆದುರು ಬರುವುದು, ಅದೇ ಕನಸು ಮತ್ತೆ ಮತ್ತೆ ಬೀಳುವುದು, ಬಾಗಿಲ ಸದ್ದಿಗೂ ಬೆಚ್ಚುವುದು, ಮೈ ಮರಗಟ್ಟಿ "ನಾನು ಇಲ್ಲಿ ಇಲ್ಲವೇ ಇಲ್ಲ" ಅನಿಸುವುದು. ಚೆಕಪ್ ತಪ್ಪಿಸಲು ನೆಪ ಹುಡುಕುವುದೂ ಒಂದು ಗುರುತು. ಅದನ್ನು ಮನೆಯವರು ಸೋಮಾರಿತನ ಅಂತ ತಿಳಿಯುತ್ತಾರೆ.

ಆಸ್ಪತ್ರೆಯಲ್ಲಿ ಎಡಿನ್‌ಬರೋ ಪ್ರಶ್ನಾವಳಿ ಅಂತ, ಖಿನ್ನತೆ ಇರಬಹುದಾ ಅಂತ ನೋಡುವ 10 ಪ್ರಶ್ನೆ ಕೇಳಬಹುದು. ಕನ್ನಡದಲ್ಲೂ ಉಂಟು, ಐದು ನಿಮಿಷದ ಕೆಲಸ. ಅದು ಕಾಯಿಲೆಗೆ ಹೆಸರಿಡುವುದಿಲ್ಲ, ಮುಂದೆ ನೋಡಬೇಕೋ ಬೇಡವೋ ಅಂತ ಮಾತ್ರ ತಿಳಿಸುತ್ತದೆ. ಅಭಿವೃದ್ಧಿಶೀಲ ದೇಶಗಳಲ್ಲಿ ಶೇ 15.6 ಬಸುರಿಯರಿಗೆ, ಹೆರಿಗೆಯಾದವರಲ್ಲಿ ಶೇ 19.8 ಮಂದಿಗೆ ಮಾನಸಿಕ ತೊಂದರೆ ಇರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಆಸ್ಪತ್ರೆಯ ಬೆಂಚಿನಲ್ಲಿ ನಿಮ್ಮ ಆಚೆ ಈಚೆ ಕೂತವರಲ್ಲೂ ಇಂಥವರು ಇದ್ದಾರೆ ಅಂತಾಯಿತಲ್ವಾ.

ನಾನು ಇಷ್ಟು ಅತ್ತರೆ ಮಗುವಿಗೆ ಏನಾದ್ರೂ ಆಗ್ತದಾ?

ಅತ್ತದ್ದರಿಂದ ಏನೂ ಆಗುವುದಿಲ್ಲ. ತಿಂಗಳುಗಟ್ಟಲೆ ಔಷಧಿಯಿಲ್ಲದೆ ಉಳಿದ ಖಿನ್ನತೆಯಿಂದ ಅವಧಿಗೆ ಮೊದಲೇ ಹೆರಿಗೆಯಾಗುವ, ಮಗುವಿನ ತೂಕ ಕಡಿಮೆಯಾಗುವ ಸಾಧ್ಯತೆ ಸ್ವಲ್ಪ ಏರುತ್ತದೆ. ಅದಕ್ಕೆ ಕೆಲವು ಕಾರಣಗಳು ತುಂಬಾ ಸರಳ: ಊಟ ಸೇರುವುದಿಲ್ಲ, ನಿದ್ದೆ ಇಲ್ಲ, ಕಬ್ಬಿಣದ ಮಾತ್ರೆ ತಿನ್ನಲು ಮನಸ್ಸಿಲ್ಲ, ಚೆಕಪ್ ತಪ್ಪುತ್ತದೆ. ಇವೆಲ್ಲ ಸರಿ ಮಾಡಬಹುದಾದದ್ದು. "ನೀನು ಅತ್ತರೆ ಮಗು ಅಳುಬುರುಕ ಆಗ್ತದೆ" ಅಂತ ಹೇಳುವವರಿಗೆ ಉತ್ತರ ಕೊಡಬೇಕಾಗಿಲ್ಲ.

## ಎಲ್ಲಿಗೆ ಹೋಗುವುದು, ಏನು ಹೇಳುವುದು

ನಮ್ಮಲ್ಲಿ ಇಂಥದ್ದಕ್ಕೆ ಯಾರ ಹತ್ರ ಹೋಗೂದು? ಕೈಯಲ್ಲಿ ಹಣ ಇಲ್ಲ.

ಹತ್ತಿರದ್ದರಿಂದ ಶುರು ಮಾಡಿ. ಕೇರಳದ ಕುಟುಂಬ ಆರೋಗ್ಯ ಕೇಂದ್ರಗಳಲ್ಲಿ ಖಿನ್ನತೆಗೆಂದೇ "ಆಶ್ವಾಸಂ" ಕ್ಲಿನಿಕ್ ಉಂಟು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರು ಬೇರೆ ಬೇರೆ ಆರೋಗ್ಯ ಕೇಂದ್ರಗಳಿಗೆ ಗೊತ್ತಾದ ದಿನ ಬರುತ್ತಾರೆ, ನಿಮ್ಮ ಕಡೆ ಯಾವ ದಿನ ಅಂತ ಆಶಾ ವರ್ಕರನ್ನೋ ಉಪಕೇಂದ್ರದ ನರ್ಸನ್ನೋ ಕೇಳಿ. ದೊಡ್ಡ ಆಸ್ಪತ್ರೆಗೇ ಹೋಗುವುದಾದರೆ ಕಾಸರಗೋಡಿನ ಜನರಲ್ ಆಸ್ಪತ್ರೆ, ಕಾಞಂಗಾಡಿನ ಜಿಲ್ಲಾ ಆಸ್ಪತ್ರೆ ಇವೆ.

ಫೋನಿನಲ್ಲಾದರೆ ಟೆಲಿ ಮಾನಸ್ 14416. 2022ರ ಅಕ್ಟೋಬರಿನಿಂದ ನಡೆಯುತ್ತಿದೆ, ಕನ್ನಡದಲ್ಲೂ ಮಾತಾಡಬಹುದು. ಕೇರಳದ ಆರೋಗ್ಯ ಇಲಾಖೆಯ ಸಹಾಯವಾಣಿ "ದಿಶ" 1056. ಮನೆಯಲ್ಲಿ ಈಗಲೂ ಹೊಡೆತ ಬಡಿತ ಇದ್ದರೆ ಮಹಿಳಾ ಸಹಾಯವಾಣಿ 181, ಇಲ್ಲವೇ ಕುಟುಂಬಶ್ರೀಯ "ಸ್ನೇಹಿತ" ಕೇಂದ್ರ. ಸ್ನೇಹಿತದಲ್ಲಿ ಕೌನ್ಸೆಲಿಂಗ್ ಸಿಗುತ್ತದೆ, ಸ್ವಲ್ಪ ದಿನ ಉಳಿಯಲು ಜಾಗವೂ ಸಿಗುತ್ತದೆ.

ಮಂಗಳೂರಿನಲ್ಲೇ ಹೆರಿಗೆ ಮಾಡಿಸುವವರು ನಮ್ಮಲ್ಲಿ ಜಾಸ್ತಿ. ಲೇಡಿಗೋಷನ್ ಇರಬಹುದು, ದೇರಳಕಟ್ಟೆ ಇರಬಹುದು. ಹೋಗಿ, ತೊಂದರೆ ಇಲ್ಲ. ಆದರೆ ಊರಿನ ಆರೋಗ್ಯ ಕೇಂದ್ರದಲ್ಲೂ ಹೆಸರು ಬರೆಸಿ, ಚೀಟಿಗಳ ಒಂದು ಪ್ರತಿ ಇಲ್ಲೂ ಇರಲಿ. 2020ರ ಮಾರ್ಚಿನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಆಚೆಯ ಡಾಕ್ಟರನ್ನು ಮಾತ್ರ ನಂಬಿದ್ದವರು ಎಷ್ಟು ಒದ್ದಾಡಿದರು ಅಂತ ಈ ಕಡೆಯವರಿಗೆ ಯಾರೂ ಹೇಳಬೇಕಾಗಿಲ್ಲ. ಮನಸ್ಸಿನ ಮಾತ್ರೆ ತಿನ್ನುವವರಿಗಂತೂ ಅದು ನಡುವೆ ನಿಲ್ಲಲೇಬಾರದು.

ಡಾಕ್ಟರಿಗೆ ಎಲ್ಲಾ ಹೇಳ್ಬೇಕಾ? ನನ್ನ ಬಾಯಿಯಿಂದ ಆ ಮಾತು ಬರೂದೇ ಇಲ್ಲ.

ಬೇಡ. ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ. ಸಹಾಯ ಬೇಕಾದರೆ ನಡೆದದ್ದನ್ನೆಲ್ಲ ಬಿಡಿಸಿ ಹೇಳಬೇಕು ಅಂತ ತುಂಬಾ ಜನ ತಿಳಿದಿದ್ದಾರೆ, ಅದಕ್ಕೇ ಆಸ್ಪತ್ರೆಯ ಮೆಟ್ಟಿಲನ್ನೇ ಹತ್ತುವುದಿಲ್ಲ. ಯಾರು ಮಾಡಿದ್ದು, ಯಾವಾಗ, ಏನು, ಇದ್ಯಾವುದೂ ಹೆರಿಗೆ ಡಾಕ್ಟರಿಗೆ ಗೊತ್ತಾಗಬೇಕಾಗಿಲ್ಲ. ಅವರಿಗೆ ಗೊತ್ತಾಗಬೇಕಾದ್ದು ಈಗ ನಿಮಗೆ ಏನು ಬೇಕು ಅನ್ನುವುದು. ಒಂದು ಚೀಟಿಯಲ್ಲಿ ಹೀಗೆ ಬರೆದು ಚೆಕಪ್ ಕಾರ್ಡಿನ ಒಳಗಿಡಿ:

"ಚಿಕ್ಕಂದಿನಲ್ಲಿ ನನಗೆ ಕೆಟ್ಟ ಅನುಭವ ಆಗಿದೆ. ಅದರ ಬಗ್ಗೆ ಈಗ ಮಾತಾಡಲು ಆಗುವುದಿಲ್ಲ. ದಯವಿಟ್ಟು ಮುಟ್ಟುವ ಮೊದಲು ಹೇಳಿ. ನಾನು ಕೈ ಎತ್ತಿದರೆ ನಿಲ್ಲಿಸಿ."

ನಾಲ್ಕೇ ಸಾಲು. ಓದಿ ಹೇಳುವುದೂ ಬೇಡ, ಕಾರ್ಡಿನ ಜೊತೆ ಕೊಟ್ಟರೆ ಸಾಕು. ಬೆಳಗ್ಗೆಯಿಂದ ನೂರು ಜನರನ್ನು ನೋಡಿದ ಡಾಕ್ಟರೂ ಇದನ್ನು ಓದಿ ಒಂದು ಕ್ಷಣ ತಲೆ ಎತ್ತುತ್ತಾರೆ. ಯಾರೋ ಒಬ್ಬರು ಅಸಡ್ಡೆ ಮಾಡಿದರು ಅಂತಿಟ್ಟುಕೊಳ್ಳಿ, ಮುಂದಿನ ಸಲ ಬೇರೆಯವರಿಗೆ ತೋರಿಸಿ. ತಪ್ಪು ಚೀಟಿಯದ್ದಲ್ಲ, ನಿಮ್ಮದೂ ಅಲ್ಲ.

ನನಗೆ ಮಲಯಾಳಂ ಅರ್ಥ ಆಗ್ತದೆ, ಮಾತಾಡ್ಲಿಕ್ಕೆ ಬರೂದಿಲ್ಲ. ಗಂಡನೇ ಎಲ್ಲ ಹೇಳೂದು. ಇಂಥದ್ದನ್ನು ಹೇಗೆ ಹೇಳ್ಲಿ?

ಜ್ವರ, ವಾಂತಿ ಎಲ್ಲ ಗಂಡ ಹೇಳಲಿ. ಇದನ್ನು ಬೇಡ. ಅತ್ತೆ, ನಾದಿನಿಯಂತೂ ಬೇಡವೇ ಬೇಡ. ಅವರು ಕೆಟ್ಟವರು ಅಂತಲ್ಲ, ಅವರೆದುರು ನೀವು ಮಾತು ನುಂಗುತ್ತೀರಿ. ನಮ್ಮ ಜಿಲ್ಲೆಯ ಆಸ್ಪತ್ರೆಗಳಲ್ಲಿ ತುಳುವೋ ಕನ್ನಡವೋ ಗೊತ್ತಿರುವ ನರ್ಸ್ ಒಬ್ಬರಾದರೂ ಸಿಗುತ್ತಾರೆ, "ಕನ್ನಡ ಬರುವ ಸಿಸ್ಟರ್ ಇದ್ದಾರಾ" ಅಂತ ಕೇಳಲು ನಾಚಬೇಡಿ. ಮೇಲಿನ ಚೀಟಿಯನ್ನು ನಂಬಿಕೆಯ ಗೆಳತಿಯೊಬ್ಬಳಿಂದ ಮಲಯಾಳದಲ್ಲೂ ಬರೆಸಿ ಇಟ್ಟುಕೊಳ್ಳಿ. ಕೌನ್ಸೆಲಿಂಗ್ ಮಾತ್ರ ನಿಮ್ಮ ಮನೆಮಾತಿನಲ್ಲೇ ಸಿಗುವಂತೆ ನೋಡಿ. ಪರಭಾಷೆಯಲ್ಲಿ ನೋವು ಹೇಳುವುದು ಕಷ್ಟ, ಅದಕ್ಕಾಗಿ ಮಂಗಳೂರಿಗೆ ಬಸ್ಸು ಹತ್ತಬೇಕಾಗಿ ಬಂದರೂ ಪರವಾಗಿಲ್ಲ.

## ಪರೀಕ್ಷೆ, ಮಾತ್ರೆ, ಹೆರಿಗೆ

ಒಳಪರೀಕ್ಷೆ ಅಂದ್ರೆ ಮೈ ನಡುಗ್ತದೆ. ಅದಿಲ್ಲದೆ ಆಗೂದಿಲ್ವಾ?

ಬಸುರಿನ ಪ್ರತಿ ಚೆಕಪ್ಪಿಗೂ ಒಳಪರೀಕ್ಷೆ ಬೇಕಾಗಿಲ್ಲ. ಮಾಡುತ್ತೇವೆ ಅಂದರೆ "ಯಾಕೆ? ಇವತ್ತೇ ಬೇಕಾ?" ಅಂತ ಕೇಳಬಹುದು. ಸ್ಕ್ಯಾನಿಂಗಿನಲ್ಲೂ ಹಾಗೆ. ಶುರುವಿನ ವಾರಗಳಲ್ಲಿ ಒಳಗಿಂದ ಮಾಡುವ ಸ್ಕ್ಯಾನ್ ಅಂದರೆ ಹೊಟ್ಟೆಯ ಮೇಲಿಂದ ಮಾಡಿದರೆ ಸಾಕಾಗುತ್ತದಾ ಅಂತ ವಿಚಾರಿಸಿ. ಹೆರಿಗೆ ನೋವು ಜೋರಾದ ಮೇಲೆ ಎಲ್ಲ ಸರಿಯಾಗಿ ನಡೆಯುತ್ತಿದ್ದರೆ ನಾಲ್ಕು ಗಂಟೆಗೊಮ್ಮೆ ಒಳಪರೀಕ್ಷೆ ಸಾಕು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಒಬ್ಬರಾದ ಮೇಲೆ ಒಬ್ಬರು ಬಂದು ಪರೀಕ್ಷಿಸುವುದು ಬೇಡ, ಒಬ್ಬರೇ ಮಾಡಲಿ ಅಂತ ಹೇಳಲು ನಿಮಗೆ ಹಕ್ಕುಂಟು.

ಲೇಡಿ ಡಾಕ್ಟರ್ ಬೇಕು ಅಂತ ಕೇಳಿ. ಅವರು ಇಲ್ಲದಿದ್ದರೆ ನರ್ಸ್ ಪಕ್ಕದಲ್ಲೇ ನಿಲ್ಲಲಿ. ಹೊದಿಕೆ ಬೇಕಾದಷ್ಟು ಮಾತ್ರ ಸರಿಸಲಿ. ತಲೆ ಕಡೆ ಸ್ವಲ್ಪ ಎತ್ತರ ಮಾಡಿ ಮಲಗಿದರೆ ಯಾರು ಏನು ಮಾಡುತ್ತಿದ್ದಾರೆ ಅಂತ ನಿಮಗೂ ಕಾಣುತ್ತದೆ, ಪೂರ್ತಿ ಅಂಗಾತ ಮಲಗಿದಾಗ ಆಗುವ ಗಾಬರಿ ಎಷ್ಟೋ ಕಡಿಮೆಯಾಗುತ್ತದೆ. "ರಿಲ್ಯಾಕ್ಸ್ ಆಗಮ್ಮ, ಸುಮ್ನಿರು" ಅನ್ನುವ ಮಾತೇ ಕೆಲವರಿಗೆ ಹಳೆಯದನ್ನು ಎಬ್ಬಿಸುತ್ತದೆ. ಹಾಗಿದ್ದರೆ "ಆ ಮಾತು ಹೇಳಬೇಡಿ" ಅಂತಲೂ ಚೀಟಿಯಲ್ಲಿ ಸೇರಿಸಿ.

ಹೆರಿಗೆ ಕೋಣೆಯಲ್ಲಿ ಒಬ್ಬಳೇ ಇರ್ಬೇಕಾ?

ಹೆರಿಗೆಯ ಹೊತ್ತಿಗೆ ತಾಯಿ ಆರಿಸಿದ ಒಬ್ಬರು ಜೊತೆಗಿರುವುದನ್ನು ವಿಶ್ವ ಆರೋಗ್ಯ ಸಂಸ್ಥೆಯೂ ಹೆರಿಗೆ ಕೋಣೆಗಳನ್ನು ಸುಧಾರಿಸುವ ಕೇಂದ್ರ ಸರ್ಕಾರದ "ಲಕ್ಷ್ಯ" ಕಾರ್ಯಕ್ರಮವೂ (2017) ಒಪ್ಪುತ್ತವೆ. ಎಲ್ಲ ಆಸ್ಪತ್ರೆಯಲ್ಲೂ ಅದು ನಡೆಯುವುದಿಲ್ಲ, ಏಳನೇ ತಿಂಗಳಲ್ಲೇ ಕೇಳಿ ಇಟ್ಟುಕೊಳ್ಳಿ. ಜೊತೆಗಿರುವವರು ಅಮ್ಮನೇ ಆಗಬೇಕಾಗಿಲ್ಲ. ಅಕ್ಕ, ಚಿಕ್ಕಮ್ಮ, ಗೆಳತಿ, ಯಾರ ಕೈ ಹಿಡಿದರೆ ನಿಮಗೆ ಧೈರ್ಯ ಬರುತ್ತದೋ ಅವರು. ನೀವು ಮಾತಾಡಲಾಗದೆ ಮರಗಟ್ಟಿದರೆ "ಸ್ವಲ್ಪ ನಿಲ್ಲಿಸಿ" ಅಂತ ನಿಮ್ಮ ಪರವಾಗಿ ಹೇಳುವುದು ಅವರ ಕೆಲಸ.

ರಾತ್ರಿ ಎಲ್ಲ ಕಣ್ಣೆದುರು ಬಂದ ಹಾಗೆ ಆಗ್ತದೆ. ಆ ಹೊತ್ತಿಗೆ ಎಂಥ ಮಾಡೂದು?

ಆ ಹೊತ್ತಿಗೆ ಯೋಚನೆ ಮಾಡಿ ಅದರಿಂದ ಹೊರಬರಲು ಆಗುವುದಿಲ್ಲ, ಮೈಯ ಮೂಲಕ ಬರಬೇಕು. ಎದ್ದು ಕೂತು ಎರಡೂ ಪಾದ ನೆಲಕ್ಕೆ ಊರಿ. ನೆಲದ ತಂಪು ಗೊತ್ತಾಗಲಿ. ದೀಪ ಹಾಕಿ. ಕಾಣುವ ಐದು ವಸ್ತುಗಳ ಹೆಸರನ್ನು ಬಾಯಿಬಿಟ್ಟು ಹೇಳಿ: ಬಾಗಿಲು, ಫ್ಯಾನು, ನೀರಿನ ಚೊಂಬು. ಆಮೇಲೆ ಕೇಳುವ ಮೂರು ಸದ್ದು. ಮಳೆಗಾಲವಾದರೆ ಮಾಡಿನ ನೀರು ಬೀಳುವ ಸದ್ದು ಇದ್ದೇ ಇರುತ್ತದೆ. ಈಗ ಹೇಳಿಕೊಳ್ಳಿ: "ಇದು ನನ್ನ ಮನೆ. ನನಗೆ ಇಷ್ಟು ವರ್ಷ. ಅವನು ಇಲ್ಲಿ ಇಲ್ಲ." ಉಸಿರು ಒಳಗೆ ಎಳೆದದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡಿ. ಕಣ್ಣು ಮುಚ್ಚಿ ಧ್ಯಾನ ಮಾಡು ಅಂತ ಯಾರಾದರೂ ಹೇಳಿದರೆ, ಕಣ್ಣು ಮುಚ್ಚಿದಾಗ ಜಾಸ್ತಿಯಾಗುವುದಾದರೆ, ಮುಚ್ಚಬೇಡಿ. ಹಗಲು ಮನಸ್ಸು ಸಮಾಧಾನದಲ್ಲಿದ್ದಾಗ ಇದನ್ನು ಅಭ್ಯಾಸ ಮಾಡಿದರೆ ಮಾತ್ರ ರಾತ್ರಿ ಕೈಗೆ ಸಿಗುತ್ತದೆ.

ಬಸುರಿಯರು ಮನಸ್ಸಿನ ಮಾತ್ರೆ ತಿನ್ನಬಹುದಾ? ಈಗಾಗ್ಲೇ ತಿಂತಾ ಇದ್ದೆ, ಪರೀಕ್ಷೆ ಪಾಸಿಟಿವ್ ಬಂದ ದಿನವೇ ಬಿಟ್ಟೆ.

ನಾಳೆಯೇ ಡಾಕ್ಟರಿಗೆ ತಿಳಿಸಿ. ಥಟ್ಟನೆ ಬಿಟ್ಟರೆ ತಲೆ ತಿರುಗುವುದು, ನಿದ್ದೆ ಹೋಗುವುದು, ಕಾಯಿಲೆ ಮರಳುವುದು ಎಲ್ಲ ಆಗಬಹುದು. ಖಿನ್ನತೆ, ಆತಂಕಕ್ಕೆ ಕೊಡುವ ಕೆಲವು ಮಾತ್ರೆಗಳನ್ನು ಬಸುರಿಯರಿಗೂ ಹಾಲೂಡಿಸುವವರಿಗೂ ಕೊಡುತ್ತಾರೆ, ಸರ್ಟ್ರಾಲಿನ್ ಅದರಲ್ಲೊಂದು. ಅಪಸ್ಮಾರಕ್ಕೂ ಮನಸ್ಸಿನ ವಿಪರೀತ ಏರಿಳಿತದ ಕಾಯಿಲೆಗೂ ಕೊಡುವ ವಾಲ್ಪ್ರೊಯೇಟ್ ಮಾತ್ರ ಬೇರೆ ಮಾತು, ಅದರಿಂದ ಮಗುವಿಗೆ ಅಂಗದ ದೋಷ ಬರುವ ಅಪಾಯ ಉಂಟು. ಅದನ್ನು ತಿನ್ನುತ್ತಿದ್ದರೆ ತಡಮಾಡದೆ ಡಾಕ್ಟರಿಗೆ ಹೇಳಬೇಕು, ಬದಲಿಸುವುದೂ ಅವರ ಮೂಲಕವೇ ಆಗಬೇಕು. ನಿದ್ದೆಗೆಂದು ಮೆಡಿಕಲ್ ಶಾಪಿನಿಂದ ತಂದು ತಿನ್ನುವುದು, ಅಕ್ಕನ ಮಾತ್ರೆ ತಿನ್ನುವುದು ಬೇಡ. ಮಾತ್ರೆಯ ಅಪಾಯವನ್ನು ಕಾಯಿಲೆ ಹಾಗೇ ಉಳಿಯುವ ಅಪಾಯದ ಜೊತೆ ತೂಗಿ ನೋಡಬೇಕು, ಮಾತ್ರೆ ಬೇಡ ಅನ್ನುವವರು ತಕ್ಕಡಿಯ ಒಂದು ತಟ್ಟೆಯನ್ನು ಮಾತ್ರ ನೋಡುತ್ತಾರೆ.

ಕೌನ್ಸೆಲಿಂಗಿನಲ್ಲಿ ಹಳೆಯದನ್ನೆಲ್ಲ ಕೆದಕ್ತಾರಾ?

ಒಳ್ಳೆಯ ಕೌನ್ಸೆಲರ್ ಮೊದಲ ಭೇಟಿಯಲ್ಲಿ ಕೆದಕುವುದಿಲ್ಲ. ಮೊದಲು ನಿದ್ದೆ, ಊಟ, ಮನೆಯ ಸುರಕ್ಷತೆ, ಗಾಬರಿ ಬಂದಾಗ ಏನು ಮಾಡುವುದು, ಇಷ್ಟನ್ನು ನೋಡುತ್ತಾರೆ. ಎಷ್ಟೋ ಬಸುರಿಯರಿಗೆ ಹೆರಿಗೆಯವರೆಗೆ ಇಷ್ಟೇ ಸಾಕು. ನೆನಪುಗಳ ಮೇಲೆಯೇ ಕೆಲಸ ಮಾಡುವ ಚಿಕಿತ್ಸೆಗಳೂ ಉಂಟು, ಆಘಾತಕ್ಕೆಂದೇ ರೂಪಿಸಿದ ಸಿಬಿಟಿ (ಯೋಚನೆ, ನಡವಳಿಕೆಯನ್ನು ನಿಧಾನವಾಗಿ ಬದಲಿಸುವ ಮಾತಿನ ಚಿಕಿತ್ಸೆ), ಇಎಂಡಿಆರ್ (ಕಣ್ಣನ್ನು ಆಚೀಚೆ ಆಡಿಸುತ್ತಾ ನೆನಪಿನ ತೀವ್ರತೆ ಇಳಿಸುವ ಚಿಕಿತ್ಸೆ) ಅಂತ. ಅದನ್ನು ತರಬೇತಿ ಪಡೆದವರ ಹತ್ತಿರವೇ ಮಾಡಿಸಬೇಕು. ಈಗ ಮಾಡಬೇಕೋ ಹೆರಿಗೆಯಾದ ಮೇಲೋ ಅನ್ನುವುದನ್ನು ಅವರೂ ನೀವೂ ಕೂತು ತೀರ್ಮಾನಿಸಬಹುದು. ಮೊದಲ ದಿನವೇ "ಎಲ್ಲ ಹೇಳಿ, ಅತ್ತುಬಿಡಿ, ಹಗುರಾಗ್ತದೆ" ಅನ್ನುವವರು ಸಿಕ್ಕಿದರೆ ಬೇರೆಯವರನ್ನು ಹುಡುಕಿ.

## ತವರು ಮತ್ತು ಬಾಣಂತನ

ಮೊದಲ ಹೆರಿಗೆ, ತವರಿಗೆ ಹೋಗ್ಲೇಬೇಕು. ಆದ್ರೆ ನನಗೆ ಹಾಗೆ ಮಾಡಿದವ ಆ ಮನೆಯಲ್ಲೇ ಇದ್ದಾನೆ. ಯಾರಿಗೂ ಗೊತ್ತಿಲ್ಲ.

ಓದುವಾಗೆಲ್ಲ ಕರುಳು ಹಿಂಡುವ ಪ್ರಶ್ನೆ ಇದು, ಮತ್ತೆ ಮತ್ತೆ ಬರುವ ಪ್ರಶ್ನೆಯೂ ಹೌದು. ನಮ್ಮಲ್ಲಿ ಏಳನೇ ತಿಂಗಳ ಬಯಕೆಯೋ ಸೀಮಂತವೋ ಮುಗಿದರೆ ಹೂ ಮುಡಿಸಿ ತವರಿಗೆ ಕಳಿಸುತ್ತಾರೆ. ಹೆಚ್ಚಿನವರಿಗೆ ಅದು ಆರೈಕೆಯ ಜಾಗ. ಕೆಲವರಿಗೆ ಅದೇ ಮನೆಯ ಅಟ್ಟದ ಮೆಟ್ಟಿಲಲ್ಲಿ ಕಾಲಿನ ಸದ್ದು ಕೇಳಿದರೆ ಇಂದಿಗೂ ಉಸಿರು ಕಟ್ಟುತ್ತದೆ.

ಹೋಗಲೇಬೇಕು ಅಂತಿಲ್ಲ. ಸಂಪ್ರದಾಯಕ್ಕೆ ಅಡ್ಡ ನಿಲ್ಲದೆ ತಪ್ಪಿಸುವ ದಾರಿಗಳು ಉಂಟು. "ಆಸ್ಪತ್ರೆ ಹತ್ತಿರ ಇರಬೇಕು ಅಂತ ಡಾಕ್ಟರ್ ಹೇಳಿದ್ದಾರೆ" ಅನ್ನುವುದು ಎಲ್ಲರೂ ಒಪ್ಪುವ ಕಾರಣ. ನಿಮ್ಮ ಡಾಕ್ಟರಿಗೆ "ತವರಿನಲ್ಲಿ ನನಗೆ ಸಮಾಧಾನ ಇರುವುದಿಲ್ಲ" ಅಂತ ಒಂದೇ ಮಾತು ಹೇಳಿದರೂ, ಹತ್ತಿರ ಇರಿ ಅಂತ ಮನೆಯವರೆದುರು ಹೇಳಿಕೊಡಬಹುದು. ಅಮ್ಮನೇ ನಿಮ್ಮಲ್ಲಿಗೆ ಬಂದು ಬಾಣಂತನ ಮಾಡಲಿ. ಅಕ್ಕನ ಮನೆ, ಚಿಕ್ಕಮ್ಮನ ಮನೆ ಆಗಬಹುದು. ಬಾಣಂತನಕ್ಕೆ ಹೆಂಗಸು ಗೊತ್ತು ಮಾಡಿ ಗಂಡನ ಮನೆಯಲ್ಲೇ ಇರುವವರೂ ಈಗ ಬೇಕಾದಷ್ಟು ಜನ.

ಹೋಗದೆ ಬೇರೆ ದಾರಿಯೇ ಇಲ್ಲ ಅಂತಾದರೆ ಇಷ್ಟು ಮೊದಲೇ ಗೊತ್ತು ಮಾಡಿ. ಒಳಗಿಂದ ಚಿಲಕ ಇರುವ ಕೋಣೆ ನಿಮಗಿರಲಿ. ರಾತ್ರಿ ನಿಮ್ಮ ಜೊತೆ ಒಬ್ಬರು ಹೆಂಗಸರು ಮಲಗಲಿ. ಫೋನು ಕೈಯಲ್ಲೇ ಇರಲಿ, ಚಾರ್ಜರು ಹಾಸಿಗೆ ಹತ್ತಿರ. ಮಗುವನ್ನು ಆ ಮನುಷ್ಯನ ಕೈಗೆ ಕೊಡಬೇಡಿ, "ಮಡಿಲಿಗೆ ಹಾಕು" ಅಂತ ಯಾರು ಒತ್ತಾಯ ಮಾಡಿದರೂ. "ಮಗುವಿಗೆ ಸೋಂಕು ತಾಗುತ್ತದೆ, ಯಾರೂ ಎತ್ತಬಾರದು ಅಂತ ಡಾಕ್ಟರ್ ಹೇಳಿದ್ದಾರೆ" ಅಂದರೆ ಸಾಕು. ಯಾವ ದಿನ ವಾಪಸು ಹೋಗುವುದು ಅಂತ ಗಂಡನ ಹತ್ತಿರ ಮೊದಲೇ ಮಾತಾಡಿ, ಬೇಗ ಬರಬೇಕು ಅನಿಸಿದರೆ ಕಾರಣ ಕೇಳದೆ ಬಂದು ಕರೆದುಕೊಂಡು ಹೋಗಬೇಕು ಅಂತ ಮಾತು ತೆಗೆದುಕೊಳ್ಳಿ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ರಕ್ಷಣೆ ಗಂಡನ ಮನೆಗೆ ಮಾತ್ರ ಸೀಮಿತವಲ್ಲ, ತವರಿನಲ್ಲಿ ಆಗುವ ದೌರ್ಜನ್ಯಕ್ಕೂ ಅನ್ವಯಿಸುತ್ತದೆ.

ಬಾಣಂತಿಗೆ ಎಣ್ಣೆ ಹಚ್ಚಿ ಮೀಯಿಸ್ಲಿಕ್ಕೆ ಹೆಂಗಸು ಬರ್ತಾರೆ. ಬಚ್ಚಲಲ್ಲಿ ಅವರೆದುರು ಹಾಗೆ ಕೂರೂದು ನನ್ನಿಂದ ಆಗೂದಿಲ್ಲ. ಹೇಗೆ ಹೇಳೂದು?

ಹಂಡೆಯಲ್ಲಿ ನೀರು ಕುದಿಯುತ್ತಿರುತ್ತದೆ, ಬಚ್ಚಲಲ್ಲಿ ಹೊಗೆ, ಮಣೆಯ ಮೇಲೆ ಬಟ್ಟೆಯಿಲ್ಲದೆ ಕೂರಿಸಿ ಇಡೀ ಮೈಗೆ ಎಣ್ಣೆ ತಿಕ್ಕಿ ಹೊಟ್ಟೆಗೆ ರಭಸದಿಂದ ಬಿಸಿನೀರು ಹೊಯ್ಯುತ್ತಾರೆ. ಮಾಡುವವರಿಗೆ ಅದು ಪ್ರೀತಿ. ಮುಟ್ಟುವುದೇ ಭಯವಾದವರಿಗೆ ನಲವತ್ತು ದಿನದ ಹಿಂಸೆ. ಹೊಲಿಗೆ ಹಾಕಿದ್ದಾರೆ, ಡಾಕ್ಟರ್ ಬೇಡ ಅಂದಿದ್ದಾರೆ ಅನ್ನಿ. ಸಿಸೇರಿಯನ್ ಆಗಿದ್ದರೆ ಹೊಟ್ಟೆ ಒತ್ತಲೇಬಾರದು, ಅದು ನಿಜವಾದ ಕಾರಣವೂ ಹೌದು. ಬೇಕೆಂದರೆ ಪಾವಡೆ ಎದೆಗೆ ಕಟ್ಟಿಕೊಂಡು ಕೂತು ಬೆನ್ನು, ಕಾಲಿಗೆ ಮಾತ್ರ ಹಚ್ಚಿಸಿಕೊಳ್ಳಿ, ಉಳಿದದ್ದು ನೀವೇ ಹಚ್ಚಿ, ನೀರು ನೀವೇ ಹೊಯ್ದುಕೊಳ್ಳಿ. ಎಣ್ಣೆ ತಿಕ್ಕಿಸಿಕೊಳ್ಳದಿದ್ದರೆ ಮುಂದೆ ಸೊಂಟನೋವು ಬಂದೇ ಬರುತ್ತದೆ ಅನ್ನುವ ಮಾತಿಗೆ ಆಧಾರವಿಲ್ಲ.

ಮಗು ಎದೆ ಹಾಲು ಕುಡಿಯುವಾಗ ಅಸಹ್ಯ ಅನಿಸ್ತದೆ. ನಾನು ಎಂಥ ತಾಯಿ?

ಹಳೆಯ ನೋವಿರುವ ಹೆಂಗಸರಲ್ಲಿ ಇದು ಆಗುವಂಥದ್ದೇ. ಮೈ ಹೆದರಿದೆ ಅಷ್ಟೇ, ಮಗುವಿನ ಮೇಲೆ ಪ್ರೀತಿ ಇಲ್ಲ ಅಂತಲ್ಲ. ಹಗಲು ಬೆಳಕಿನಲ್ಲಿ, ಕೂತುಕೊಂಡು, ಮಗುವಿನ ಮುಖ ನೋಡುತ್ತಾ ಕುಡಿಸಿದರೆ ಕೆಲವರಿಗೆ ಸುಲಭ. ರಾತ್ರಿ ಮಲಗಿಕೊಂಡು ಕುಡಿಸುವುದು ಕಷ್ಟವಾದರೆ ಹಾಲು ಹಿಂಡಿ ಶುದ್ಧವಾದ ಒಳಲೆಯಲ್ಲಿ ಕೊಡಬಹುದು. ಏನು ಮಾಡಿದರೂ ಆಗದಿದ್ದರೆ ಮಕ್ಕಳ ಡಾಕ್ಟರನ್ನು ಕೇಳಿ ಬೇರೆ ಹಾಲಿಗೆ ಹೋದರೂ ನೀವು ಕೆಟ್ಟ ತಾಯಿ ಆಗುವುದಿಲ್ಲ.

## ಕಷ್ಟದ ಪ್ರಶ್ನೆಗಳು

ನಮ್ಮದು ಗೇರು ತೋಟದ ಹತ್ತಿರದ ಮನೆ. ತಮ್ಮ ಎಂಡೋಸಲ್ಫಾನ್ ಸಂತ್ರಸ್ತರ ಪಟ್ಟಿಯಲ್ಲಿದ್ದಾನೆ. ಅವನನ್ನು ನೋಡಿಕೊಂಡೇ ನನ್ನ ಬಾಲ್ಯ ಮುಗಿಯಿತು. ನನ್ನ ಮಗುವೂ ಹಾಗೆ ಆಗ್ತದೆ ಅಂತ ನಿದ್ದೆಯೇ ಬರೂದಿಲ್ಲ.

ಎಣ್ಮಕಜೆ, ಬೆಳ್ಳೂರು, ಮುಳಿಯಾರು ಕಡೆಯವರಿಗೆ ಇದು ಬರೀ ಯೋಚನೆ ಅಲ್ಲ, ಕಣ್ಣಾರೆ ಕಂಡದ್ದು. 1970ರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಟಗಳಿಗೆ ಎಂಡೋಸಲ್ಫಾನ್ ಕೀಟನಾಶಕವನ್ನು ಹೆಲಿಕಾಪ್ಟರಿನಲ್ಲಿ ಸಿಂಪಡಿಸಿದ್ದು, 2011ರಲ್ಲಿ ಸುಪ್ರೀಂ ಕೋರ್ಟ್ ತಡೆದದ್ದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಅಕ್ಕನಾಗಿ ಹುಟ್ಟಿ ಅಮ್ಮನ ಕೆಲಸ ಮಾಡಿದ ಬಾಲ್ಯ ಅದು. ಆಟಕ್ಕೆ ಹೋಗಲಿಲ್ಲ, ಶಾಲೆ ತಪ್ಪಿತು, ಅಳಲೂ ಪುರುಸೊತ್ತಿರಲಿಲ್ಲ. ಅದನ್ನೂ ಆಘಾತ ಅಂತಲೇ ನೋಡಬೇಕು.

ಡಾಕ್ಟರಿಗೆ ಎರಡೂ ಹೇಳಿ, ಮನೆಯ ಹಿನ್ನೆಲೆಯನ್ನೂ ಹೆದರಿಕೆಯನ್ನೂ. 18ರಿಂದ 20 ವಾರದ ಸ್ಕ್ಯಾನಿಂಗಿನಲ್ಲಿ ಮಗುವಿನ ಅಂಗಾಂಗಗಳನ್ನು ಒಂದೊಂದಾಗಿ ನೋಡುತ್ತಾರೆ, ತಪ್ಪಿಸಬೇಡಿ. ನೋಡುತ್ತಾ ಹೋದ ಹಾಗೆ ಬಾಯಿಬಿಟ್ಟು ಹೇಳಿ ಅಂತ ಕೇಳಿ: ತಲೆ, ಬೆನ್ನುಮೂಳೆ, ಹೃದಯ. ಸ್ಕ್ಯಾನಿಂಗಿನಲ್ಲಿ ಎಲ್ಲವೂ ಕಾಣುವುದಿಲ್ಲ. ರಿಪೋರ್ಟು ಚೆನ್ನಾಗಿದ್ದರೂ ಹೆದರಿಕೆ ಹೋಗದಿದ್ದರೆ ಆ ಹೆದರಿಕೆಗೇ ಕೌನ್ಸೆಲಿಂಗ್ ತೆಗೆದುಕೊಳ್ಳಬೇಕು, ಮತ್ತೆ ಮತ್ತೆ ಸ್ಕ್ಯಾನ್ ಮಾಡಿಸಿ ಅದು ಹೋಗುವುದಿಲ್ಲ. ತಮ್ಮನನ್ನು ಕೆಲವು ತಿಂಗಳು ಯಾರು ನೋಡಿಕೊಳ್ಳುತ್ತಾರೆ ಅನ್ನುವುದನ್ನು ಈಗಲೇ ಮಾತಾಡಿ.

ಹೇಳಿದ್ರೆ ಕೇಸ್ ಆಗ್ತದಾ? ಗಂಡನ ಮನೆಯವರಿಗೆ ಗೊತ್ತಾಗ್ತದಾ?

2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ನಿಮ್ಮ ಚಿಕಿತ್ಸೆಯ ವಿಷಯ ಗುಟ್ಟಾಗಿರಬೇಕು. ಜೀವಕ್ಕೆ ಅಪಾಯ ಅಂತಾದರೆ, ಇನ್ನೂ ಕೆಲವು ಸಂದರ್ಭದಲ್ಲಿ ಮಾತ್ರ ಬೇರೆಯವರಿಗೆ ಹೇಳಬಹುದು. ನಿಮ್ಮ ಪರವಾಗಿ ಮಾತಾಡಲು ಒಬ್ಬರನ್ನು ನೀವೇ ಬರವಣಿಗೆಯಲ್ಲಿ ಗೊತ್ತು ಮಾಡಬಹುದು, ಅದು ಗಂಡನೇ ಆಗಬೇಕಾಗಿಲ್ಲ.

ಬಸುರಿಗೆ 18 ತುಂಬಿಲ್ಲ ಅಂತಾದರೆ ಪೋಕ್ಸೊ (ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾಯ್ದೆ) ಪ್ರಕಾರ ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಲೇಬೇಕು. ನೀವು ದೊಡ್ಡವರಾಗಿದ್ದು ಹಳೆಯದನ್ನು ಹೇಳುವುದಾದರೆ, ಹೆಸರು ಹೇಳುವ ಮೊದಲು "ನಾನು ಹೇಳಿದ್ದು ಈ ಕೋಣೆಯಲ್ಲೇ ಉಳಿಯುತ್ತದಾ, ಯಾವುದನ್ನು ನೀವು ಹೊರಗೆ ಹೇಳಬೇಕಾಗುತ್ತದೆ" ಅಂತ ಕೇಳಿ. ಅದೇ ಮನುಷ್ಯನ ಹತ್ತಿರ ಈಗ ಬೇರೆ ಮಕ್ಕಳಿದ್ದಾರಾ ಅನ್ನುವುದು ದೊಡ್ಡ ವಿಷಯ. ಇದ್ದರೆ ಆ ಮಕ್ಕಳಿಗಾಗಿ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬಹುದು. ನಿಮಗೆ ಆದದ್ದರ ಬಗ್ಗೆ ದೂರು ಕೊಡಬೇಕು ಅನಿಸಿದರೆ ವರ್ಷ ಕಳೆಯಿತು ಅಂತ ಹಿಂದೆ ಸರಿಯಬೇಡಿ, ವಕೀಲರನ್ನು ಕೇಳಿ. ಪೋಕ್ಸೊ ಜಾರಿಗೆ ಬಂದದ್ದು 2012ರ ನವೆಂಬರ್ 14ರಂದು, ಅದಕ್ಕೆ ಮೊದಲು ನಡೆದದ್ದಕ್ಕೆ ಆಗಿನ ಕಾನೂನು. ಹೆರಿಗೆಗೆ ಮೊದಲೇ ಇದೆಲ್ಲ ತೀರ್ಮಾನ ಆಗಬೇಕಾಗಿಲ್ಲ.

ಸಾಯಬೇಕು ಅನಿಸ್ತದೆ. ಹೇಳಿದ್ರೆ ಪೊಲೀಸರು ಬರ್ತಾರಾ?

ಹಾಗೆ ಅನಿಸಿದ್ದಕ್ಕೆ ಯಾರೂ ಹಿಡಿಯುವುದಿಲ್ಲ. ಪ್ರಯತ್ನ ಮಾಡಿದವರನ್ನೂ ತೀವ್ರ ಒತ್ತಡದಲ್ಲಿದ್ದವರು ಅಂತಲೇ ಕಾನೂನು ಈಗ ನೋಡುತ್ತದೆ, ಅವರಿಗೆ ಆರೈಕೆ ಕೊಡುವುದು ಸರ್ಕಾರದ ಹೊಣೆ. ಈಗಲೇ ಒಬ್ಬರಿಗೆ ಹೇಳಿ. 14416. ಇಲ್ಲವೇ ಪಕ್ಕದ ಮನೆಗೆ ಹೋಗಿ ಕೂತುಕೊಳ್ಳಿ. ತುರ್ತಿಗೆ ಆಂಬುಲೆನ್ಸ್ 108, ತುರ್ತು ಸಹಾಯ 112. ಮನೆಯವರು ತೋಟದ ಔಷಧಿ, ಮಾತ್ರೆ ಎಲ್ಲವನ್ನೂ ಬೀಗ ಹಾಕಿಡಿ, ಒಬ್ಬಳನ್ನೇ ಬಿಡಬೇಡಿ, ಬುದ್ಧಿಮಾತು ಹೇಳಬೇಡಿ.

ಹೆರಿಗೆಯಾದ ಮೊದಲ ಎರಡು ವಾರದಲ್ಲಿ ನಿದ್ದೆಯೇ ಬೇಡವಾಗುವುದು, ಇಲ್ಲದ ಧ್ವನಿ ಕೇಳುವುದು, ಮಗು ತನ್ನದಲ್ಲ ಅನ್ನುವುದು ಕಂಡರೆ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಸಾವಿರ ಹೆರಿಗೆಗೆ ಒಬ್ಬರೋ ಇಬ್ಬರೋ ಹೀಗಾಗುತ್ತಾರೆ. ಔಷಧಿಯಿಂದ ಗುಣವಾಗುತ್ತದೆ, ಕಾಯುವುದು ಮಾತ್ರ ಅಪಾಯ. ದಾಖಲಾದರೆ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ತಾಯಿಯಿಂದ ಬೇರೆ ಮಾಡಬಾರದು ಅಂತ 2017ರ ಕಾಯ್ದೆಯಲ್ಲೇ ಉಂಟು. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ತಾಯಿ ಮಗು ಒಟ್ಟಿಗೇ ಇರುವ ವಾರ್ಡು 2009ರಿಂದ ಇದೆ.

ನಾನು ಗಂಡ. ಅವಳು ಏನೂ ಹೇಳೂದಿಲ್ಲ, ಹತ್ತಿರ ಹೋದ್ರೆ ಸರಿಯುತ್ತಾಳೆ. ಗಲ್ಫಿನಲ್ಲಿದ್ದೇನೆ, ರಜೆಯಲ್ಲಿ ಬಂದಿದ್ದೆ. ನಾನು ಏನು ಮಾಡ್ಲಿ?

ಏನಾಯಿತು ಅಂತ ಕೇಳಬೇಡಿ, ಏನು ಬೇಕು ಅಂತ ಕೇಳಿ. ಮುಟ್ಟುವ ಮೊದಲು ಕೇಳಿ, ಬೇಡ ಅಂದರೆ ಮುಖ ಸಣ್ಣ ಮಾಡಬೇಡಿ. ಅವಳು ಹೇಳಿದರೆ ನಂಬಿ, "ಆಗಲೇ ಯಾಕೆ ಹೇಳಲಿಲ್ಲ" ಅನ್ನಬೇಡಿ, ನಿಮ್ಮ ಅಮ್ಮನಿಗೂ ಹೇಳಬೇಡಿ. ಫೋನು ಒಂದೇ ಹೊತ್ತಿಗೆ ಮಾಡಿ, ಆ ಹೊತ್ತಿಗೆ ಕಾಯುವವಳಿಗೆ ಅದೇ ಆಸರೆ. ತವರಿಗೆ ಹೋಗಲು ಮನಸ್ಸಿಲ್ಲ ಅಂದರೆ ಮನೆಯವರೆದುರು ಆ ಮಾತನ್ನು ನಿಮ್ಮ ಮಾತಾಗಿ ಹೇಳಿ.

ನಾನೂ ಅಮ್ಮನ ಹಾಗೆ ಆಗ್ತೇನಾ? ಸಿಟ್ಟು ಬಂದ್ರೆ ಮಗುವಿಗೆ ಹೊಡೀತೇನಾ ಅಂತ ಹೆದರಿಕೆ.

ಪೆಟ್ಟು ತಿಂದು ಬೆಳೆದವರು ಹೊಡೆಯುವವರೇ ಆಗುತ್ತಾರೆ ಅನ್ನುವುದು ನಿಜವಲ್ಲ, ಹೆಚ್ಚಿನವರು ಆಗುವುದಿಲ್ಲ. ಆದರೂ ನಿದ್ದೆಯಿಲ್ಲದ ಮೂರನೇ ರಾತ್ರಿ ಮಗು ಎರಡು ಗಂಟೆ ಅತ್ತರೆ ಯಾರಿಗಾದರೂ ತಲೆ ಕೆಡುತ್ತದೆ. ಆಗ ಮಗುವನ್ನು ಹಾಸಿಗೆಯಲ್ಲಿ ಅಂಗಾತ ಮಲಗಿಸಿ, ಉರುಳಿ ಬೀಳದ ಹಾಗೆ ನೋಡಿಕೊಂಡು, ಜಗಲಿಗೆ ಬಂದು ಐದು ನಿಮಿಷ ಕೂರಿ. ಐದು ನಿಮಿಷ ಅತ್ತರೆ ಮಗುವಿಗೆ ಏನೂ ಆಗುವುದಿಲ್ಲ. ಕುಲುಕಬೇಡಿ, ಕುಲುಕಿದರೆ ಮಿದುಳಿಗೆ ಪೆಟ್ಟಾಗುತ್ತದೆ. ರಾತ್ರಿ ಒಂದು ಸರದಿ ಬೇರೆಯವರು ಎತ್ತಿಕೊಳ್ಳಲಿ, ಇದನ್ನು ಹೆರಿಗೆಗೆ ಮೊದಲೇ ಮಾತಾಡಿ ಇಡಿ.

ನಾನು ಆಶಾ ವರ್ಕರ್. ಮನೆಗೆ ಹೋದಾಗ ಸಂಶಯ ಬರ್ತದೆ, ಆದ್ರೆ ಕೇಳೂದು ಹೇಗೆ ಅಂತ ಗೊತ್ತಾಗೂದಿಲ್ಲ.

ಅತ್ತೆ ಚಹಾ ತಂದು ಪಕ್ಕದಲ್ಲೇ ಕೂತಿರುವಾಗ ಕೇಳಬೇಡಿ. "ತೂಕ ನೋಡಬೇಕು, ಒಳಗೆ ಬಾ" ಅಂತ ಕೋಣೆಗೆ ಕರೆದುಕೊಂಡು ಹೋಗಿ. ನೇರವಾಗಿ "ನಿನಗೆ ಚಿಕ್ಕಂದಿನಲ್ಲಿ ಯಾರಾದರೂ ಏನಾದರೂ ಮಾಡಿದ್ದಾರಾ" ಅಂತ ಕೇಳುವುದಕ್ಕಿಂತ "ಬಸುರಿನಲ್ಲಿ ಕೆಲವರಿಗೆ ಹಳೆಯ ಕಷ್ಟ ನೆನಪಾಗಿ ನಿದ್ದೆ ಕೆಡುತ್ತದೆ, ಡಾಕ್ಟರ್ ಮುಟ್ಟುವುದಕ್ಕೆ ಹೆದರಿಕೆ ಆಗುತ್ತದೆ, ನಿನಗೂ ಹಾಗಿದ್ದರೆ ಹೇಳು, ನಾನು ಜೊತೆಗೆ ಬರುತ್ತೇನೆ" ಅನ್ನಿ. ಅವಳು ಸುಮ್ಮನಿದ್ದರೆ ಬಿಟ್ಟುಬಿಡಿ, ಮುಂದಿನ ಸಲ ಮತ್ತೆ ಹೇಳಿ. ರಿಜಿಸ್ಟರಿನಲ್ಲಿ ವಿವರ ಬರೆಯಬೇಡಿ, ಅದನ್ನು ಹತ್ತು ಜನ ನೋಡುತ್ತಾರೆ. "ಒಳಪರೀಕ್ಷೆಗೆ ಮೊದಲು ಹೇಳಿ ಮಾಡಿ" ಅಂತ ನರ್ಸಿಗೆ ಬಾಯಿಮಾತಿನಲ್ಲಿ ತಿಳಿಸಿ, ಅದೂ ಅವಳನ್ನು ಕೇಳಿಯೇ. ಮಾನಸಿಕ ಕ್ಲಿನಿಕ್ ಇರುವ ದಿನ ಅವಳ ಜೊತೆ ನೀವೇ ಹೋಗಲು ಆದರೆ ಹೋಗಿ, ಮೊದಲ ಸಲ ಒಬ್ಬಳೇ ಆ ಬಾಗಿಲು ದಾಟುವವರು ಕಡಿಮೆ.